ಮಧ್ಯಾಹ್ನ ಮಾತ್ರ ಬರುತ್ತಿದ್ದ ವ್ಯತ್ಯಾಸ

ತುಮಕೂರು ಕಡೆಯ ಒಂದು ಗ್ಯಾಸ್ ಮೀಟರಿಂಗ್ ಸ್ಟೇಷನ್‌ನಲ್ಲಿ ನಾನು ಇನ್‌ಸ್ಟ್ರುಮೆಂಟ್ ಕೆಲಸ ನೋಡಿಕೊಳ್ಳುತ್ತಿದ್ದೆ. ಅಲ್ಲಿದ್ದದ್ದು 8 ಇಂಚಿನ, ನಾಲ್ಕು ಪಾತ್‌ನ (ಶಬ್ದ ಹಾಯುವ ನಾಲ್ಕು ದಾರಿಯ) ಅಲ್ಟ್ರಾಸಾನಿಕ್ ಮೀಟರ್, ಅಂದರೆ ಶಬ್ದದಿಂದ ಗ್ಯಾಸ್‌ನ ಹರಿವು ಅಳೆಯುವ ಮೀಟರ್. ತಿರುಗುವ ಭಾಗ ಒಂದೂ ಇಲ್ಲ. ಪೈಪಿನಲ್ಲಿ ಓರೆಯಾಗಿ ಎದುರುಬದುರು ಕೂತ ಸೆನ್ಸರ್‌ಗಳು ಒಂದಕ್ಕೊಂದು ಶಬ್ದ ಕಳಿಸುತ್ತವೆ. ಗ್ಯಾಸ್ ಹರಿಯುವ ಕಡೆಗೆ ಹೊರಟ ಶಬ್ದ ಬೇಗ ಮುಟ್ಟುತ್ತದೆ, ಎದುರು ಹೊರಟದ್ದು ತಡವಾಗುತ್ತದೆ. ಗ್ಯಾಸ್ ಸೆಕೆಂಡಿಗೆ 10 ಮೀಟರ್ ಓಡುತ್ತಿದ್ದರೂ ಆ ಅಂತರ ಸುಮಾರು 20 ಮೈಕ್ರೋಸೆಕೆಂಡ್, ಅಷ್ಟೇ. ಗ್ಯಾಸ್‌ನ ಬಿಲ್ಲು ನಿಂತಿರುವುದು ಅದರ ಮೇಲೆ.

ಅದೇ ಸಮಯಗಳಿಂದ ಗ್ಯಾಸ್‌ನೊಳಗಿನ ಶಬ್ದದ ವೇಗವೂ ಸಿಗುತ್ತದೆ. ಈ ಮೀಟರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಒತ್ತಡ, ತಾಪಮಾನ, ಕ್ರೊಮ್ಯಾಟೋಗ್ರಾಫ್ (ಗ್ಯಾಸ್‌ನಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಯಂತ್ರ) ಹೇಳುವ ಗ್ಯಾಸ್‌ನ ಅಂಶಗಳು ಗೊತ್ತಿದ್ದರೆ ಆ ವೇಗವನ್ನು ಬೇರೆಯಾಗಿ ಲೆಕ್ಕ ಹಾಕಬಹುದು. ಎರಡೂ ತಾಳೆಯಾಗಬೇಕು.

ನಾನು ದಿನಾ ಬೆಳಿಗ್ಗೆ ತಾಳೆ ನೋಡುತ್ತಿದ್ದೆ, ಸರಿಯಿರುತ್ತಿತ್ತು. ಏಪ್ರಿಲ್‌ನ ಒಂದು ದಿನ ಮಧ್ಯಾಹ್ನ 2 ಗಂಟೆಗೆ ನೋಡಿದೆ. ಶಬ್ದದ ವೇಗ ಲೆಕ್ಕದಲ್ಲಿ ಸೆಕೆಂಡಿಗೆ 430 ಮೀಟರ್, ಅಲ್ಟ್ರಾಸಾನಿಕ್ ಮೀಟರ್ ತೋರಿಸಿದ್ದು 428.4. ಮರುದಿನ ಬೆಳಿಗ್ಗೆ ಮತ್ತೆ ಸರಿ, ಮಧ್ಯಾಹ್ನ ಮತ್ತೆ ಅದೇ ಕಥೆ.

'ಸೆನ್ಸರ್ ಮೇಲೆ ಎಣ್ಣೆ ಕೂತಿರಬೇಕು, ಬಿಚ್ಚಿ' ಅಂದರು ಎಲ್ಲರೂ. ನನಗೆ ಒಪ್ಪಿಗೆಯಾಗಲಿಲ್ಲ. ನಾಲ್ಕೂ ಪಾತ್‌ಗಳು ಒಂದೇ ವೇಗ ಹೇಳುತ್ತಿದ್ದವು. ಕೊಳೆ ಕೂತಿದ್ದರೆ ಯಾವುದಾದರೂ ಒಂದು ಬೇರೆ ಹೇಳಬೇಕು, ಅದರ ಗೇನ್ (ಕುಗ್ಗಿದ ಸಿಗ್ನಲ್ಲನ್ನು ಮೀಟರ್ ಹಿಗ್ಗಿಸುವ ಪ್ರಮಾಣ) ಏರಬೇಕು ಅಲ್ವಾ? ಹಾಗಾಗಿ ಲೆಕ್ಕದ ಕಡೆಯೇ ಅನುಮಾನ ಬಂತು. ಒತ್ತಡದ ಸಣ್ಣ ತಪ್ಪು ಶಬ್ದದ ವೇಗವನ್ನು ಇಷ್ಟು ಅಲ್ಲಾಡಿಸುವುದಿಲ್ಲ. ಗ್ಯಾಸ್‌ನ ಅಂಶಗಳು ಬಿಸಿಲಿಗೆ ಬದಲಾಗುವುದಿಲ್ಲ. ಉಳಿದದ್ದು ತಾಪಮಾನ. ಒಂದು ಡಿಗ್ರಿಗೆ ಶಬ್ದದ ವೇಗ ಸುಮಾರು 0.8 ಮೀಟರ್ ಬದಲಾಗುತ್ತದೆ, ಅಂದರೆ 1.6 ಮೀಟರ್ ವ್ಯತ್ಯಾಸಕ್ಕೆ ಎರಡು ಡಿಗ್ರಿ ತಪ್ಪು.

ಥರ್ಮೋವೆಲ್‌ನಿಂದ (ಪೈಪಿನೊಳಗೆ ಇಳಿದಿರುವ, ತಳ ಮುಚ್ಚಿದ ಕೊಳವೆ) ಆರ್‌ಟಿಡಿ, ಅಂದರೆ ತಾಪಮಾನ ಅಳೆಯುವ ಕಡ್ಡಿಯಂಥ ಸೆನ್ಸರ್, ಹೊರತೆಗೆದು ಅಳತೆ ಹಿಡಿದೆವು. ಕಡ್ಡಿ ಒಂದು ಬೆರಳಿನಷ್ಟು ಗಿಡ್ಡ! ತುದಿ ತಳಕ್ಕೆ ತಾಗುತ್ತಲೇ ಇರಲಿಲ್ಲ, ಒಳಗೆ ಕಾವು ದಾಟಿಸುವ ಪೇಸ್ಟೂ ಇರಲಿಲ್ಲ, ಸುಮ್ನೆ ಗಾಳಿ. ಮೇಲಿನ ತಲೆ ಕೈ ಇಡಲಾಗದಷ್ಟು ಕಾದಿತ್ತು. ಆ ಕಾವು ಕಡ್ಡಿಗುಂಟ ಕೆಳಗಿಳಿದು, ಗ್ಯಾಸ್ ಇರುವುದಕ್ಕಿಂತ ಜಾಸ್ತಿ ಬಿಸಿ ಅಂತ ತೋರಿಸುತ್ತಿತ್ತು.

ಸರಿಯಾದ ಉದ್ದದ ಆರ್‌ಟಿಡಿ ತರಿಸಿ, ಪೇಸ್ಟ್ ಹಾಕಿ ಕೂರಿಸಿದೆವು. ಸುತ್ತ ಇನ್ಸುಲೇಷನ್ ಸುತ್ತಿ, ಮೇಲೆ ತಗಡಿನ ನೆರಳು ಕಟ್ಟಿದೆವು. ಮರುದಿನ ಮಧ್ಯಾಹ್ನದ ವ್ಯತ್ಯಾಸ 0.1 ಮೀಟರ್.

ಎರಡು ಡಿಗ್ರಿ ಸಣ್ಣದಲ್ಲ. ಗ್ಯಾಸ್‌ನ ಪ್ರಮಾಣವನ್ನು ತಾಪಮಾನಕ್ಕೆ ತಕ್ಕಂತೆ ಸರಿಹೊಂದಿಸಿ ಬಿಲ್ಲು ಮಾಡುವುದರಿಂದ, ಬಿಲ್ಲಿನಲ್ಲಿ ಅದು ಸುಮಾರು 0.7 ಶೇಕಡಾ. ಒಂದು ಲಕ್ಷ ಘನ ಮೀಟರ್ ಗ್ಯಾಸ್ ಹೋದರೆ 700 ಘನ ಮೀಟರ್ ಲೆಕ್ಕಕ್ಕೇ ಸಿಗುವುದಿಲ್ಲ. ಆಮೇಲಿಂದ ನಾನು ತಾಳೆ ನೋಡುವ ಹೊತ್ತನ್ನು ಮಧ್ಯಾಹ್ನ 2 ಗಂಟೆಗೆ ಬದಲಾಯಿಸಿಕೊಂಡೆ.