ಹಾರ್ನ್ ಬಟನ್ ಒತ್ತಿದಷ್ಟು ಹೊತ್ತು ಮಾತ್ರ ಕೂಗಲಿ
ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸಿ ಓಡಿಸುವ) ಮಾಡೆಲ್ ರೈಲು ಇಟ್ಟುಕೊಂಡವರಿಗೆ ಒಂದು ಸಲಹೆ: ಹಾರ್ನ್ ಬಟನ್ನನ್ನು (ಸಾಮಾನ್ಯವಾಗಿ ಎಫ್2) ಥ್ರಾಟಲ್ (ರೈಲು ಓಡಿಸುವ ಕೈ ರಿಮೋಟ್) ಸೆಟ್ಟಿಂಗ್‌ನಲ್ಲಿ 'ಮೊಮೆಂಟರಿ' ಮಾಡಿಬಿಡಿ. ಗಂಟೆ, ಲೈಟು 'ಆನ್-ಆಫ್' ರೀತಿಯಲ್ಲೇ (ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್) ಇರಲಿ. ಥ್ರಾಟಲ್ ಕಳಿಸುವುದು 'ಆನ್', 'ಆಫ್' ಎಂಬ ಎರಡೇ ಮಾತು. ಆಫ್ ಬರುವ ತನಕ ಡಿಕೋಡರ್ (ಎಂಜಿನ್ ಒಳಗಿದ್ದು ಆದೇಶ ಪಾಲಿಸುವ ಸಣ್ಣ ಸರ್ಕ್ಯೂಟ್) ಕೂಗುತ್ತಲೇ ಇರುತ್ತದೆ. ಮೊಮೆಂಟರಿ ಆದರೆ ಬೆರಳು ತೆಗೆದ ಕೂಡಲೇ ಆಫ್ ಹೋಗುತ್ತದೆ. ಸುಮ್ನೆ ಮುಟ್ಟಿದರೆ ಸಣ್ಣ 'ಪೀಂ', ಅದುಮಿ ಹಿಡಿದರೆ ಲೆವೆಲ್ ಕ್ರಾಸಿಂಗ್‌ನ ಉದ್ದ ಕೂಗು. ನಮ್ಮ ಕೊಡಗಿಗೆ ರೈಲೇ ಬಂದಿಲ್ಲ, ಮನೆಯೊಳಗಾದರೂ ಸರಿಯಾಗಿ ಕೂಗಲಿ ಅಲ್ವಾ! ಆದರೆ ಹಾರ್ನ್ ಸದ್ದನ್ನು ಒಂದೇ ಅಳತೆಯ ತುಣುಕಾಗಿ ತುಂಬಿಸಿರುವ ಡಿಕೋಡರ್‌ಗಳಲ್ಲಿ ಇದು ನಡೆಯುವುದಿಲ್ಲ, ಎಷ್ಟು ಹಿಡಿದರೂ ಅಷ್ಟೇ. ಮೊಬೈಲನ್ನೇ ಥ್ರಾಟಲ್ ಮಾಡಿಕೊಂಡವರಿಗೆ ವೈಫೈ ತಡವರಿಸಿದರೆ 'ಆಫ್' ತಲುಪದೆ ಹಾರ್ನ್ ನಿಲ್ಲದೇ ಕೂಗಬಹುದು. ಇನ್ನೊಮ್ಮೆ ಒತ್ತಿ ಬಿಡಿ. ಹಾಗೇ, ಕಕ್ಕಡದ (ನಮ್ಮ ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆಯಲ್ಲಿ ಹಾರ್ನ್ ಅರ್ಧಕ್ಕೇ ನಿಂತು ಎಂಜಿನ್ ಸ್ಟಾರ್ಟ್ ಆಗುವ ಸದ್ದು ಮತ್ತೆ ಮೊದಲಿನಿಂದ ಬಂದರೆ ಸೆಟ್ಟಿಂಗ್ ಕೆದಕಬೇಡಿ. ಕರೆಂಟು, ಆದೇಶ ಎರಡೂ ಹಳಿಯಿಂದಲೇ ಬರಬೇಕು. ಥಂಡಿಗೆ ಹಳಿ ಮೇಲೆ ಕಪ್ಪು ಕೂತು ಕ್ಷಣ ಸಂಪರ್ಕ ತಪ್ಪಿದರೂ ಡಿಕೋಡರ್ ಹೊಸದಾಗಿ ಶುರುವಾಗಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಬಟ್ಟೆಯಲ್ಲಿ ಹಳಿ ಒರೆಸಿ. ಚಕ್ರವನ್ನೂ ಒರೆಸಿ, ಜಾಸ್ತಿ ಕೊಳೆ ಅಲ್ಲೇ ಇರುವುದು.