ಪೊಲೀಸರನ್ನೂ ಊರಿನ ರಕ್ಷಕರನ್ನೂ ಒಂದೇ ವೇದಿಕೆಯಲ್ಲಿ ಸನ್ಮಾನಿಸುವ ಬಗೆ: ಕೊಡಗಿನ ಸಂಘ ಸಂಸ್ಥೆಗಳಿಗೆ ಒಂದು ಕೈಪಿಡಿ

2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಕುಸಿದಾಗ ರಕ್ಷಣೆಗೆ ಧಾವಿಸಿದವರಲ್ಲಿ ಪೊಲೀಸರು, ಗೃಹರಕ್ಷಕರು, ಅಗ್ನಿಶಾಮಕ ಸಿಬ್ಬಂದಿ, ಯೋಧರು ಎಲ್ಲರೂ ಇದ್ದರು. ಆದರೆ ಯಾವ ತೋಟದೊಳಗಿನ ಕಾಲುದಾರಿ ಇನ್ನೂ ಉಳಿದಿದೆ, ಯಾವ ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ ಎಂಬುದನ್ನು ಬಲ್ಲವರು ಆಯಾ ಊರಿನವರೇ ಆಗಿದ್ದರು. ನಮ್ಮ ಜಿಲ್ಲೆಯಲ್ಲಿ ಸಾರ್ವಜನಿಕ ಸುರಕ್ಷತೆಯೆಂಬುದು ಈ ಎರಡೂ ಕೈಗಳು ಸೇರಿ ಮಾಡುವ ಕೆಲಸವಾದ್ದರಿಂದ, ಸನ್ಮಾನವೂ ಇಬ್ಬರಿಗೂ ಸಮನಾಗಿ ಸಲ್ಲಬೇಕು. ಅಂತಹ ಕಾರ್ಯಕ್ರಮವನ್ನು ಏರ್ಪಡಿಸುವ ಸಂಘಗಳಿಗೆ ನೆರವಾಗಲೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಆಯ್ಕೆ, ಮತ್ತು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ. ಐದಾರು ಜನರ ಸಮಿತಿ ಸಾಕು. ಅದರಲ್ಲಿ ಮಹಿಳಾ ಸಂಘದವರೊಬ್ಬರು, ಬಾಡಿಗೆ ಜೀಪು ಅಥವಾ ಆಟೊ ಓಡಿಸುವವರೊಬ್ಬರು, ತೋಟದ ಲೈನ್‌ಮನೆಗಳ, ಅಂದರೆ ಕಾರ್ಮಿಕರ ಸಾಲುಮನೆಗಳ, ಪರಿಚಯವುಳ್ಳವರೊಬ್ಬರು ಇರಲೇಬೇಕು, ಏಕೆಂದರೆ ಊರಿನ ನಿಜವಾದ ಸುದ್ದಿ ಇವರಿಗೆ ಗೊತ್ತಿರುತ್ತದೆ. ಪ್ರತಿಯೊಂದು ಹೆಸರು ಬಂದಾಗಲೂ ಆ ವ್ಯಕ್ತಿ ಯಾವ ದಿನ, ಎಲ್ಲಿ, ಏನು ಮಾಡಿದರು ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಗದಿದ್ದರೆ, ಹುದ್ದೆ ಎಷ್ಟೇ ದೊಡ್ಡದಾಗಿದ್ದರೂ ಆ ಹೆಸರನ್ನು ಬಿಡುವುದು ಒಳ್ಳೆಯದು. ಹೀಗೆ ಕೇಳುತ್ತಾ ಹೋದರೆ ಸಂಪಾಜೆ ಘಾಟಿಯಲ್ಲಿ ಮಳೆಗೆ ಮರ ಬಿದ್ದ ರಾತ್ರಿ ಬೆಳಗಾಗುವ ತನಕ ವಾಹನಗಳನ್ನು ತಡೆದು ನಿಲ್ಲಿಸಿದ ಕಾನ್‌ಸ್ಟೇಬಲ್, ಕಾಡಾನೆ ತೋಟಕ್ಕಿಳಿದಿದೆಯೆಂದು ನಸುಕಿನಲ್ಲೇ ಲೈನ್‌ಮನೆಗಳಿಗೆ ಹೋಗಿ ಎಚ್ಚರಿಸಿದ ಕಾರ್ಮಿಕ, ಹೊಳೆಯಲ್ಲಿ ಯಾರಾದರೂ ಮುಳುಗಿದಾಗ ಠಾಣೆಯವರು ಮೊದಲು ಕರೆಯುವ ಈಜುಗಾರ, ಇಂಥವರ ಹೆಸರುಗಳು ತಾವಾಗಿಯೇ ಮುಂದೆ ಬರುತ್ತವೆ. ಆನೆ ಓಡಿಸುವ ಅರಣ್ಯ ಇಲಾಖೆಯ ತಂಡದವರನ್ನೂ ಮರೆಯಬಾರದು. ಕಾರ್ಯಕ್ರಮಕ್ಕೆ ದೇಣಿಗೆ ಕೊಟ್ಟವರ ಹೆಸರು ಮಾತ್ರ ಸನ್ಮಾನಿತರ ಪಟ್ಟಿಯಲ್ಲಿ ಎಂದಿಗೂ ಸೇರಬಾರದು.

ಪೊಲೀಸರು ಸರ್ಕಾರಿ ನೌಕರರು. ಸಾರ್ವಜನಿಕ ಸನ್ಮಾನ ಮತ್ತು ಉಡುಗೊರೆಗಳ ವಿಷಯದಲ್ಲಿ ಅವರನ್ನು ನಡತೆ ನಿಯಮಗಳು ಕಟ್ಟಿಹಾಕಿರುತ್ತವೆ. ಆದ್ದರಿಂದ ಕನಿಷ್ಠ ಒಂದು ತಿಂಗಳು ಮೊದಲೇ ಠಾಣಾಧಿಕಾರಿಗಳ ಮೂಲಕ ಮಡಿಕೇರಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಪತ್ರ ಬರೆದು, ಯಾರನ್ನು, ಯಾವ ಕೆಲಸಕ್ಕಾಗಿ, ಎಂದು, ಏನು ಕೊಟ್ಟು ಗೌರವಿಸುತ್ತೇವೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ ಅನುಮತಿ ಪಡೆಯಬೇಕು. ನಮ್ಮ ನಾಡಿನಲ್ಲಿ ಮಾನ್ಯರಿಗೆ ಕೊಡವರ ಸಾಂಪ್ರದಾಯಿಕ ಕಿರುಗತ್ತಿಯಾದ ಬೆಳ್ಳಿಯ ಪೀಚೆಕತ್ತಿ ಕೊಡಬೇಕೆಂಬ ಆಸೆ ಸಹಜವೇ, ಆದರೆ ಪೊಲೀಸರಿಗೆ ಬೆಲೆಬಾಳುವ ವಸ್ತುವನ್ನಾಗಲಿ ಹಣವನ್ನಾಗಲಿ ಕೊಡುವುದು ಅವರನ್ನೇ ಇಕ್ಕಟ್ಟಿಗೆ ಸಿಲುಕಿಸುತ್ತದೆ; ಶಾಲು, ಹಣ್ಣು, ಚೌಕಟ್ಟು ಹಾಕಿದ ಸನ್ಮಾನ ಪತ್ರ ಇಷ್ಟಿದ್ದರೆ ಗೌರವಕ್ಕೆ ಕೊರತೆಯಿಲ್ಲ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು: ಸಂಘದ ಪದಾಧಿಕಾರಿಗಳಲ್ಲಿ ಯಾರದಾದರೂ ಪ್ರಕರಣ ಆ ಠಾಣೆಯಲ್ಲಿ ನಡೆಯುತ್ತಿದ್ದರೆ ಅವರು ಆಯ್ಕೆಯಿಂದಲೂ ವೇದಿಕೆಯಿಂದಲೂ ದೂರ ಉಳಿಯಬೇಕು.

ದಿನ ಗೊತ್ತುಮಾಡುವಾಗ ಪೊಲೀಸರ ಕ್ಯಾಲೆಂಡರನ್ನೂ ತೋಟದ ಕ್ಯಾಲೆಂಡರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕಾಗುತ್ತದೆ. ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ, ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ, ಇವುಗಳ ಹಿಂದುಮುಂದಿನ ದಿನಗಳಲ್ಲಿ ಅವರೆಲ್ಲ ಬಂದೋಬಸ್ತಿನಲ್ಲಿರುತ್ತಾರೆ. ಮಳೆಗಾಲದಲ್ಲಂತೂ ಅವರನ್ನು ಕರೆಯುವುದೇ ತಪ್ಪು. ಅಕ್ಟೋಬರ್ 21ನೇ ತಾರೀಖು 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ ಪೊಲೀಸರ ನೆನಪಿನ ಹುತಾತ್ಮರ ದಿನವಾದ್ದರಿಂದ ಅಂದು ಹಾರ, ಭಾಷಣ ಬೇಡ, ಇಲಾಖೆಯ ಶ್ರದ್ಧಾಂಜಲಿಯಲ್ಲಿ ಮೌನವಾಗಿ ಪಾಲ್ಗೊಂಡರೆ ಸಾಕು. ಏಪ್ರಿಲ್ 2 ಕರ್ನಾಟಕದಲ್ಲಿ ಪೊಲೀಸ್ ಧ್ವಜ ದಿನ. ಅಷ್ಟರಲ್ಲಿ ಕಾಫಿ ಕೊಯ್ಲೂ ಮುಗಿದಿರುವುದರಿಂದ ಅದರ ಆಸುಪಾಸಿನ ಒಂದು ಭಾನುವಾರ ಎಲ್ಲರಿಗೂ ಅನುಕೂಲ.

ಸನ್ಮಾನ ಪತ್ರದ ಬರವಣಿಗೆಯಲ್ಲಿ ನಾವು ಸಾಮಾನ್ಯವಾಗಿ ಸೋಲುತ್ತೇವೆ. 'ದಕ್ಷ, ಪ್ರಾಮಾಣಿಕ, ಸರಳ ಸಜ್ಜನಿಕೆಯ' ಎಂಬ ಸಾಲು ಯಾರಿಗಾದರೂ ಒಪ್ಪುತ್ತದೆ, ಆದ್ದರಿಂದ ಯಾರಿಗೂ ಸಲ್ಲುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: 'ಸೇತುವೆಯ ಮೇಲೆ ನೀರು ಹರಿಯುತ್ತಿದ್ದ ಸಂಜೆ ತಾವು ಶಾಲಾ ಮಕ್ಕಳ ಜೀಪನ್ನು ಈಚೆ ದಡದಲ್ಲೇ ನಿಲ್ಲಿಸಿ, ಅವರನ್ನು ಹತ್ತಿರದ ಮನೆಯಲ್ಲಿ ಕುಳ್ಳಿರಿಸಿ, ಪೋಷಕರು ಬರುವ ತನಕ ಜೊತೆಯಲ್ಲಿದ್ದಿರಿ. ಊರು ಅದನ್ನು ಮರೆತಿಲ್ಲ.' ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಸನ್ಮಾನಿತರಿಗೇ ಓದಿ ಹೇಳಿ, ಹೆಸರಿನ ಕಾಗುಣಿತವನ್ನೂ ಪದನಾಮವನ್ನೂ ಸರಿಪಡಿಸಿಕೊಳ್ಳಬೇಕು.

ಪತ್ರದಲ್ಲಿ ಏನಿರಬಾರದು ಎಂಬುದೂ ಅಷ್ಟೇ ಮುಖ್ಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಮತ್ತು ಅಪರಾಧಕ್ಕೆ ತುತ್ತಾದ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ಕಾನೂನೇ ನಿಷೇಧಿಸಿದೆ. ಹೆಸರು ಬಿಟ್ಟು ಊರು, ಮನೆತನ ಹೇಳಿದರೂ ನಮ್ಮಂಥ ಪುಟ್ಟ ಜಿಲ್ಲೆಯಲ್ಲಿ ಯಾರೆಂದು ಎಲ್ಲರಿಗೂ ತಿಳಿದುಬಿಡುತ್ತದೆ. ಹಿಂದೊಮ್ಮೆ ನಾನೇ ಬರೆದ ಪತ್ರವೊಂದರಲ್ಲಿ, ಕಳೆದುಹೋಗಿ ಸಿಕ್ಕಿದ ಬಾಲಕಿಯ ತಂದೆಯ ಹೆಸರು ಸೇರಿಹೋಗಿ, ಸಭೆಯಲ್ಲಿ ಅದು ಓದಲ್ಪಟ್ಟಾಗ ಆ ತಾಯಿ ಎದ್ದು ಹೊರಗೆ ಹೋದದ್ದು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ. ಮಾದಕ ವಸ್ತು ಅಥವಾ ಕಳ್ಳಸಾಗಣೆಯ ಸುಳಿವು ಕೊಟ್ಟ ನಾಗರಿಕರನ್ನು ವೇದಿಕೆಗೆ ಕರೆಯಲೇಬಾರದು. ಠಾಣಾಧಿಕಾರಿಗಳು ಖಾಸಗಿಯಾಗಿ ಕೈಮುಗಿದು ಹೇಳುವ ಕೃತಜ್ಞತೆಯೇ ಅವರಿಗೆ ಕ್ಷೇಮ.

ವೇದಿಕೆಯ ಕುರಿತು ಹೇಳುವುದು ಸ್ವಲ್ಪವೇ. ಸನ್ಮಾನಿತರಿಗೆಲ್ಲ ಮುಂದಿನ ಸಾಲಿನಲ್ಲಿ ಒಂದೇ ಬಗೆಯ ಕುರ್ಚಿ, ಒಂದೇ ಬಗೆಯ ಶಾಲು ಇರಲಿ, ಇನ್‌ಸ್ಪೆಕ್ಟರ್ ಆಗಲಿ ಯರವ ಬುಡಕಟ್ಟಿನವರ ಹಾಡಿಯಿಂದ ಬಂದ ಯುವಕನಾಗಲಿ. ಗಣ್ಯರ ಭಾಷಣ ಸನ್ಮಾನದ ನಂತರ ನಡೆಯಲಿ, ಏಕೆಂದರೆ ರಾತ್ರಿ ಗಸ್ತು ಮುಗಿಸಿ ಬಂದವರನ್ನು ಎರಡು ಗಂಟೆ ಕೂರಿಸುವುದು ಗೌರವವಾಗಲಾರದು. ಕೂಲಿಯವರಿಗೆ ಆ ದಿನದ ಸಂಬಳ ಕಡಿತವಾಗದಂತೆ ತೋಟದ ಮಾಲೀಕರೊಡನೆ ಮೊದಲೇ ಮಾತಾಡಿ, ವಾಹನ ಕಳುಹಿಸಿ, ಮನೆಯವರನ್ನೂ ಕರೆತರಬೇಕು.

ಕಾರ್ಯಕ್ರಮದ ಮರುದಿನ ಸನ್ಮಾನ ಪತ್ರದ ಒಂದೊಂದು ಪ್ರತಿಯನ್ನು ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಿ, ಸಿಬ್ಬಂದಿಯ ಸೇವಾ ದಾಖಲೆಯಲ್ಲಿ ಸೇರಿಸುವಂತೆ ಕೋರಬೇಕು. ನಾಗರಿಕರಲ್ಲಿ ಯಾರಾದರೂ ಅಪಘಾತದಲ್ಲಿ ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದ್ದರೆ, ಕೇಂದ್ರ ಸರ್ಕಾರದ ರಾಹ್‌ವೀರ್ ಯೋಜನೆಯಲ್ಲಿ ಅವರಿಗೆ 25,000 ರೂಪಾಯಿ ಬಹುಮಾನಕ್ಕೆ ಅವಕಾಶವಿದೆ. ಪ್ರಾಣಾಪಾಯ ಲೆಕ್ಕಿಸದೆ ಜೀವ ಉಳಿಸಿದ್ದರೆ ಜೀವನ್ ರಕ್ಷಾ ಪದಕಕ್ಕೆ ಜಿಲ್ಲಾಡಳಿತದ ಮೂಲಕ ಶಿಫಾರಸು ಮಾಡಿಸಬಹುದು. ಈ ಕಾಗದಪತ್ರಗಳನ್ನು ಅವರೇ ಓಡಾಡಿ ಮಾಡಿಸಲೆಂದು ಬಿಡದೆ ಸಂಘದವರೊಬ್ಬರು ವಹಿಸಿಕೊಳ್ಳಬೇಕು, ಮತ್ತು ಛಾಯಾಚಿತ್ರಗಳನ್ನು ಮೊಬೈಲಿಗೆ ಕಳುಹಿಸಿ ಸುಮ್ಮನಾಗದೆ ಚೌಕಟ್ಟು ಹಾಕಿಸಿ ಪ್ರತಿಯೊಬ್ಬರ ಮನೆಗೂ ತಲುಪಿಸಬೇಕು.