ಬೇಡರ ವೇಷದ ಹಗ್ಗ ಹಿಡಿಯುವುದು

ಶಿರಸಿಯಲ್ಲಿ ಒಂದು ವರ್ಷ ಮಾರಿಕಾಂಬೆ ಜಾತ್ರೆ, ಮರುವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ ಎಂಬ ಬೀದಿ ಕುಣಿತ. 2022 ಮತ್ತು 2024ರಲ್ಲಿ ಜಾತ್ರೆ ಆಯಿತು, 2023 ಮತ್ತು 2025ರಲ್ಲಿ ವೇಷ ಕುಣಿಯಿತು. ಜಾತ್ರೆಗೆ ದೂರದೂರದಿಂದ ಜನ ಬರುತ್ತಾರೆ. ಬೇಡರ ವೇಷ ಮಾತ್ರ ಊರವರೇ ಊರವರಿಗಾಗಿ ಮಾಡಿಕೊಳ್ಳುವ ಹಬ್ಬ. ಹೋಳಿ ಹುಣ್ಣಿಮೆಗೆ ಮುಂಚಿನ ನಾಲ್ಕೈದು ರಾತ್ರಿ ಓಣಿ ಓಣಿಯಿಂದ ತಂಡಗಳು ಹೊರಡುತ್ತವೆ. ಊರಿಗೆ ಆಗ ನಿದ್ದೆ ಇರುವುದಿಲ್ಲ. ನಾನು ನಮ್ಮ ಓಣಿಯ ತಂಡದಲ್ಲಿ ಹಗ್ಗ ಹಿಡಿಯುವವನು.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶಿರಸಿ ಹತ್ತಿರದ ಸೋದೆಯಿಂದ ಆಳುತ್ತಿದ್ದ ಅರಸರ ಕಾಲದ ಮಾತು ಅನ್ನುತ್ತಾರೆ. ಶಿರಸಿ ಪೇಟೆಯನ್ನು ಕಾಯಲು ಮಲ್ಲೇಶಿ ಎಂಬ ಬೇಡರವನನ್ನು ಇಟ್ಟಿದ್ದರಂತೆ. ಗಟ್ಟಿ ಆಳು. ಕಾಯಲು ಬಂದವನೇ ಆಮೇಲೆ ಜನರನ್ನು ಕಾಡತೊಡಗಿದ. ಹೆಣ್ಣುಮಕ್ಕಳು ಹೊರಗೆ ಬರುವ ಹಾಗಿರಲಿಲ್ಲ. ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆಯ ಮೇಲೆ ಅವನ ಕಣ್ಣು ಬಿತ್ತು. ಅವಳು ಊರಿನ ಒಳಿತಿಗೆಂದು ಅವನನ್ನೇ ಮದುವೆಯಾದಳು. ಹೋಳಿಯ ದಿನ ಅವನು ಮೈಮರೆತು ಕುಣಿಯುವಾಗ ಕಣ್ಣಿಗೆ ಉರಿಯುವ ದ್ರವ ಎರಚಿದಳು. ಅವನು ಅವಳನ್ನು ಕೊಲ್ಲಲು ನುಗ್ಗಿದ. ಜನ ಹಿಡಿದು ಕಟ್ಟಿದರು, ಸುಟ್ಟರು. ರುದ್ರಾಂಬಿಕೆಯೂ ಅದೇ ಬೆಂಕಿಗೆ ಹೋದಳು. 1763ರ ಸುಮಾರಿಗೆ ಹೈದರಾಲಿ ಸೋದೆಯನ್ನು ಗೆದ್ದ ಮೇಲೆ ಆ ಅರಸೊತ್ತಿಗೆ ಮುಗಿಯಿತು. ಈ ಕಥೆ ಮಾತ್ರ ಶಿರಸಿಯ ಬೀದಿಯಲ್ಲಿ ಇನ್ನೂ ಕುಣಿಯುತ್ತಿದೆ.

ಹಾಗಾಗಿ ಮಲ್ಲೇಶಿಯಾಗಿ ಕುಣಿಯುವ ವೇಷಧಾರಿಯ ಸೊಂಟಕ್ಕೆ ಕಟ್ಟಿದ ಹಗ್ಗ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಹಿಂದೆ ಇಬ್ಬರು ಎಳೆದು ಹಿಡಿದಿರುತ್ತಾರೆ. ಆ ಇಬ್ಬರೇ ಅವನನ್ನು ತಡೆದ ಊರು. ನನಗೆ ಇದನ್ನು ಕಲಿಸಿದ ಓಣಿಯ ಹಿರಿಯರು ಮೊದಲ ದಿನವೇ ಹೇಳಿದ್ದರು: "ಅವನ ಕಾಲು ನೋಡಬೇಡ ಮಾರಾಯ, ತಮಟೆ ಕೇಳು." ಆ ಮಾತಿನಲ್ಲೇ ಅರ್ಧ ವಿದ್ಯೆ ಇದೆ. ತಮಟೆ ನಿಧಾನಕ್ಕೆ ಬೀಳುವಾಗ ಬೇಡ ಸುತ್ತು ಹೊಡೆಯುತ್ತಾನೆ. ಆಗ ಹಗ್ಗ ಸಡಿಲ ಬಿಡಬೇಕು, ಇಲ್ಲದಿದ್ದರೆ ತಿರುಗುವಾಗ ಅವನ ಕಾಲಿಗೆ ಸುತ್ತುತ್ತದೆ. ಪೆಟ್ಟು ಜೋರಾದರೆ ಅವನು ಈಗ ಜನರ ಮೇಲೆ ನುಗ್ಗುತ್ತಾನೆ ಅಂತ ಲೆಕ್ಕ. ಅಷ್ಟರೊಳಗೆ ನಾವು ಹಿಮ್ಮಡಿ ಊರಿ ಮೈ ಹಿಂದಕ್ಕೆ ಕೊಟ್ಟಿರಬೇಕು. ಕೈಯಿಂದ ಎಳೆದರೆ ತೋಳು ಸೋಲುತ್ತದೆ. ಭಾರ ಸೊಂಟದ ಮೇಲೆ ಬೀಳಬೇಕು. ಎಡದವನೂ ಬಲದವನೂ ಒಟ್ಟಿಗೆ ಬಿಗಿದರೆ ಮಾತ್ರ ಬೇಡ ನೆಟ್ಟಗೆ ನಿಲ್ಲುತ್ತಾನೆ. ಒಬ್ಬ ಮುಂಚೆ ಎಳೆದರೆ ಅವನು ಓರೆಯಾಗಿ ಬೀಳುತ್ತಾನೆ, ಕೈಯಲ್ಲಿ ಕತ್ತಿ ಬೇರೆ ಇರುತ್ತದೆ.

ಹಗ್ಗ ಯಾವುದಾದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ನೈಲಾನ್ ಬೆವರಿಗೆ ಜಾರುತ್ತದೆ. ತೆಂಗಿನ ನಾರಿನದು ಅಂಗೈ ಸುಲಿಯುತ್ತದೆ. ನಾವು ದಪ್ಪ ನೂಲಿನ ಹಗ್ಗವನ್ನೇ ಬಳಸುತ್ತೇವೆ. ವೇಷದವನ ಸೊಂಟಕ್ಕೆ ಮೊದಲು ಹಳೆಯ ಪಂಚೆಯನ್ನು ಮಡಿಸಿ ಬಿಗಿಯಾಗಿ ಸುತ್ತುತ್ತೇವೆ. ಅದರ ಮೇಲೆ ಹಗ್ಗ. ಗಂಟು ಬೆನ್ನ ಕಡೆ, ನವಿಲುಗರಿಯ ಕೆಳಗೆ ಬರಬೇಕು.

ಗರಿಯ ಕೆಲಸವೇ ಜಾಸ್ತಿ. ಬೆನ್ನಿಗೆ ಕಟ್ಟುವ ಆ ದೊಡ್ಡ ಗರಿಗೊಂಚಲು ಇಲ್ಲದಿದ್ದರೆ ಬೇಡ ಬೇಡನೇ ಅಲ್ಲ. ನಮ್ಮಲ್ಲಿ ಬಿದಿರಿನ ದಬ್ಬೆಗೆ ಬಟ್ಟೆ ಸುತ್ತಿ, ಸಾಲು ಸಾಲಾಗಿ ಗರಿ ಕಟ್ಟುತ್ತೇವೆ. ಉದ್ದದವು ಹಿಂದೆ, ಗಿಡ್ಡದವು ಮುಂದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನವಿಲನ್ನು ಕೊಲ್ಲುವ ಹಾಗಿಲ್ಲ. ತಾನಾಗಿ ಉದುರಿದ ಗರಿಯನ್ನೇ ಆರಿಸಿ ತಂದದ್ದು ಅಂತ ಖಾತ್ರಿ ಆದರೆ ಮಾತ್ರ ನಾವು ತೆಗೆದುಕೊಳ್ಳುತ್ತೇವೆ. ಹಳೆಯವನ್ನು ಒಣಗಿಸಿ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತೇವೆ. ಮಲೆನಾಡಿನ ಮಳೆಗಾಲ ದಾಟಿಸುವುದು ಸುಲಭ ಅಲ್ಲ, ಬೂಸಲು ಬಂದರೆ ಗರಿಯ ಬಣ್ಣವೇ ಹೋಗುತ್ತದೆ. ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಇಡುವುದೇ ಒಳ್ಳೆಯದು.

ಸಂಜೆಯಿಂದಲೇ ಬಣ್ಣ ಶುರು. ಮುಖಕ್ಕೆ ಬಣ್ಣ, ದೊಡ್ಡ ಮೀಸೆ, ಕೆಂಪು ಬಟ್ಟೆ, ಕಾಲಿಗೆ ಗೆಜ್ಜೆ, ಕೈಗೆ ಕತ್ತಿ-ಗುರಾಣಿ. ಮುಗಿಯುವಷ್ಟರಲ್ಲಿ ರಾತ್ರಿಯೇ ಆಗಿರುತ್ತದೆ. ಅಲ್ಲಿಯವರೆಗೆ ಅವನು ಅಲುಗಾಡದೆ ಕೂರಬೇಕು. ನಮ್ಮ ಓಣಿಯಲ್ಲಿ ವೇಷ ಹಾಕುವವನು ಆ ದಿನಗಳಲ್ಲಿ ಮದ್ಯ, ಮಾಂಸ ಮುಟ್ಟುವುದಿಲ್ಲ. ಬಣ್ಣದ ಪಕ್ಕದಲ್ಲೇ ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿರುತ್ತಾರೆ. ಚರ್ಮ ಬಿಗಿಯಾದ ಹಾಗೆ ಸದ್ದು ಬದಲಾಗುತ್ತದೆ. ಮಂದವಾಗಿದ್ದದ್ದು ಟಣ್ ಅನ್ನತೊಡಗುತ್ತದೆ. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಸುಮ್ಮನೆ ಕೂತ ಹುಡುಗನ ಉಸಿರು ಬೇರೆಯಾಗುವುದನ್ನು ನಾನು ಹಿಂದೆ ನಿಂತು ನೋಡಿದ್ದೇನೆ. ಹಗ್ಗ ಹಿಡಿದವನಿಗೆ ಮಾತ್ರ ಸಿಗುವ ನೋಟ ಅದು.

ಆಮೇಲೆ ಬೀದಿ. ದೇವಿಕೆರೆ, ಬಿಡಕಿಬೈಲು, ಮಾರಿಗುಡಿಯ ಕಡೆ ಎಲ್ಲ ಜನವೋ ಜನ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಬೇಡ ನುಗ್ಗಿದಾಗ ಜನ ಕಿರುಚುತ್ತಾ ಹಿಂದೆ ಸರಿಯುತ್ತಾರೆ, ಹಗ್ಗ ಬಿಗಿಯಾದ ಮೇಲೆ ಮತ್ತೆ ಹತ್ತಿರ ಬರುತ್ತಾರೆ. ಈಗ ವೇದಿಕೆ ಮೇಲೂ ಬೇಡರ ವೇಷ ಕುಣಿಸುತ್ತಾರೆ. ಹೆಸರು ನಾಲ್ಕು ಊರಿಗೆ ತಿಳಿಯುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ನುಗ್ಗಲು ಜನವೇ ಎದುರಿಗಿಲ್ಲ, ಹಗ್ಗಕ್ಕೂ ಕೆಲಸವಿಲ್ಲ. ಈ ವೇಷಕ್ಕೆ ಬೀದಿಯೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಕುಣಿತದಲ್ಲಿ ಕಾಣುವುದು ಮಲ್ಲೇಶಿ. ಫೋಟೊ ತೆಗೆಯುವುದು ಅವನದ್ದೇ, ಚಪ್ಪಾಳೆ ಅವನಿಗೇ. ಆದರೆ ನಮ್ಮ ಹಿರಿಯರು ನೆನಪಿಡಲು ಬಯಸಿದ್ದು ರುದ್ರಾಂಬಿಕೆಯನ್ನು, ಅಲ್ವಾ? ಅವಳಿಗೆ ಈ ಕುಣಿತದಲ್ಲಿ ವೇಷವೂ ಇಲ್ಲ, ಹೆಜ್ಜೆಯೂ ಇಲ್ಲ. ಅದಕ್ಕೇ ತಾಲೀಮು ನಡೆಯುವ ಸಂಜೆಗಳಲ್ಲಿ ಓಣಿಯ ಮಕ್ಕಳನ್ನು ಕೂರಿಸಿಕೊಂಡು ಮೊದಲು ಅವಳ ಕಥೆ ಹೇಳುತ್ತೇನೆ. ಹುಡುಗಿಯರು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಅವಳು ಯಾಕೆ ಸಾಯಬೇಕಿತ್ತು ಅಂತ ಒಬ್ಬಳು ಕೇಳಿದಳು. ಸಾಯಬೇಕಿರಲಿಲ್ಲ ಮಗಾ, ಅಂದೆ. ನನ್ನ ಉತ್ತರ ಅಷ್ಟೇ, ಇವತ್ತಿಗೂ.

ಮುಂದಿನ ವೇಷದ ಹೊತ್ತಿಗೆ ಎಡಗಡೆಯ ಹಗ್ಗಕ್ಕೆ ಹೊಸ ಹುಡುಗನನ್ನು ತಯಾರು ಮಾಡಬೇಕಿದೆ. ತೋಳಿನಲ್ಲಿ ಬಲ ಇದೆ, ತಮಟೆ ಇನ್ನೂ ಕಿವಿಗೆ ಹತ್ತಿಲ್ಲ. ತಾಲೀಮು ಶುರುವಾದ ಮೇಲೆ ಸ್ವಲ್ಪ ದಿನ ಹಗ್ಗ ಕೊಡದೆ, ತಮಟೆಯವರ ಪಕ್ಕದಲ್ಲೇ ನಿಲ್ಲಿಸುತ್ತೇನೆ.